ಡಮರಶಾಸನ ವಿಚಾರ

ಲಿನಕ್ಸ್ ಕರ್ನಲಿನ ದಿನಚರಿಯೆಂಬ ಅಖಂಡ ಗದ್ಯರಾಶಿಯಲ್ಲಿ ಆಗಾಗ ಗೋಚರಿಸುವ ‘ಡಿಎಂಎಆರ್’ ಪದದ ನಿಷ್ಪತ್ತಿಯನ್ನು ಕುರಿತು ವಿದ್ವಾಂಸರಲ್ಲಿ ಐಕಮತ್ಯವಿಲ್ಲ. ಅದು ಡಿಎಂಎ ರೀಮ್ಯಾಪಿಂಗ್ ಎಂಬುದರ ಸಂಕ್ಷೇಪವೆಂದು ಎಂಜಿನಿಯರುಗಳು ಸಾಧಿಸುವರಾದರೂ, ದಂಗೆ, ದೊಂಬಿ ಎಂಬರ್ಥದ ‘ಡಮರ’ ಶಬ್ದವು ಸಂಸ್ಕೃತ ನಿಘಂಟುಗಳಲ್ಲಿ ಕಾದು ಕುಳಿತಿರುವಾಗ, ನಡುರಾತ್ರಿಯಲ್ಲಿ ವರ್ಚುವಲ್ ಯಂತ್ರವು ಸ್ತಬ್ಧಗೊಂಡು ಪರದೆಯ ತುಂಬ ಈ ಒಂದೇ ಸಾಲು ಹರಿದುದನ್ನು ಕಂಡವರಾರೂ ಆ ಇಂಗ್ಲಿಷ್ ವ್ಯುತ್ಪತ್ತಿಯನ್ನು ಮನಸಾರೆ ಒಪ್ಪಲಾರರು.

ಪ್ರಕೃತ ಶಾಸನದ ಹಿನ್ನೆಲೆಯಿಷ್ಟು. ಆತಿಥೇಯ ಯಂತ್ರವು ತನ್ನ ಕಾರ್ಡೊಂದನ್ನು ಅತಿಥಿ ಯಂತ್ರಕ್ಕೆ ಧಾರೆಯೆರೆದು ಕೊಡುವ ವಿಧಿಗೆ ಪಾಸ್‌ಥ್ರೂ ಎಂದು ಹೆಸರು. ಅದರ ಪೌರೋಹಿತ್ಯವನ್ನು, 2012ರಲ್ಲಿ ಕರ್ನಲಿನ 3.6ನೆಯ ಆವೃತ್ತಿಯೊಡನೆ ಅವತರಿಸಿದ ವಿಎಫ್‌ಐಒ ನಿರ್ವಹಿಸುವುದು. ಹೊಸ ಮನೆ ಸೇರಿದ ಕಾರ್ಡು ಪ್ರೊಸೆಸರನ್ನು ಕೇಳದೆಯೇ ಮೆಮೊರಿಯ ಉಗ್ರಾಣಕ್ಕೆ ಕೈಯಿಕ್ಕುವುದರಿಂದ, ಬಾಗಿಲಲ್ಲಿ ಐಒಎಂಎಂಯು ಎಂಬ ಉಗ್ರಾಣಿಯು ಖಾತೆ ಹಿಡಿದು ಕುಳಿತಿರುವನು. ಬಂದವನ ಬಸ್ಸು, ಸ್ಥಾನ, ಫಂಕ್ಷನ್ನುಗಳನ್ನು ಗೋತ್ರಪ್ರವರದಂತೆ ವಿಚಾರಿಸಿ, 4096 ಬೈಟುಗಳ ಪುಟಪುಟಕ್ಕೂ ಅನುಮತಿಯುಂಟೋ ಎಂದು ನೋಡಿಯೇ ಬಿಡುವುದು ಅವನ ವ್ರತ.

ಇನ್ನು ಮೂಲಪಾಠ: “05:00.1 ಎಂಬಾತನು ಓದಬಯಸಿದನು, ದೋಷಕಾರಣ 02.” ಕಾರಣ 05 ಆಗಿದ್ದರೆ ಬರೆಯಲು, 06 ಆಗಿದ್ದರೆ ಓದಲು ಆ ಪುಟದಲ್ಲಿ ಅನುಮತಿಯಿಲ್ಲವೆಂದರ್ಥ, 02 ಎಂದರೆ ಆ ಹೆಸರಿನವನ ಖಾತೆಯೇ ಇಲ್ಲ. ಇಷ್ಟು ಸ್ಪಷ್ಟವಾಗಿ ಕೊರೆದಿದ್ದರೂ ವ್ಯಾಖ್ಯಾನಕಾರರು ಸಾಲನ್ನು ಓದದೆ ಹೊಸ ರ‍್ಯಾಮ್ ಕೊಳ್ಳಲು ಪೇಟೆಗೆ ಹೊರಡುವರು. (ಈ ಲೇಖಕನೂ ಒಮ್ಮೆ ಹೊರಟಿದ್ದನೆಂಬುದು ಅಪ್ರಸ್ತುತ.) ಶೂನ್ಯವಾದಿಗಳು ಐಒಎಂಎಂಯುವನ್ನೇ ಆರಿಸಿಬಿಡಿರೆನ್ನುವರು; ದೂರೇನೋ ನಿಲ್ಲುವುದು, ಧಾರೆಯೆರೆಯುವ ಶಾಸ್ತ್ರವೂ ಅದರೊಡನೆ ನಿಲ್ಲುವುದು. ಅದ್ವೈತಿಗಳು ‘ಐಒಎಂಎಂಯು=ಪಿಟಿ’ ಎಂಬ ಮಹಾವಾಕ್ಯವನ್ನು ಬೂಟ್ ಸಾಲಿನಲ್ಲಿ ಜಪಿಸಿ, ಸಾಧನವು ನುಡಿಯುವ ವಿಳಾಸಕ್ಕೂ ಮೆಮೊರಿಯ ನಿಜವಿಳಾಸಕ್ಕೂ ಅಭೇದವನ್ನು ಕಲ್ಪಿಸುವರು; ಆದರೆ ಆ ಅಭೇದವು ಆತಿಥೇಯನ ಬಳಿ ಉಳಿದವರಿಗೆ ಮಾತ್ರ, ದಾನವಾಗಿ ಹೋದ ಕಾರ್ಡಿಗೆ ದ್ವೈತವೇ ಗತಿ.

ಮರ್ಮವಿರುವುದು ಕೊನೆಯ ಅಂಕಿಯಲ್ಲಿ. ‘ಎಲ್‌ಎಸ್‌ಪಿಸಿಐ’ ಎಂಬ ಜನಗಣತಿಯನ್ನು ಮಾಡಿಸಿ ನೋಡಲು, ಆ ಸ್ಥಾನದಲ್ಲಿ ವಾಸಿಸುವವನು 05:00.0 ಒಬ್ಬನೇ! ಮಾರ್ವೆಲ್ ತಯಾರಿಕೆಯ ಕೆಲವು ಸಾಟಾ ಕಂಟ್ರೋಲರುಗಳು, ತಾವು ಸೊನ್ನೆಯವರಾಗಿದ್ದೂ, ಹುಟ್ಟಿಯೇ ಇರದ ಒಂದನೆಯ ತಮ್ಮನ ಹೆಸರಿನಲ್ಲಿ ಉಗ್ರಾಣಕ್ಕೆ ಚೀಟಿ ಕಳುಹಿಸುತ್ತವೆ. ಉಗ್ರಾಣಿಯ ತಪ್ಪೇನು? ಸಿಲಿಕಾನಿನಲ್ಲಿ ಕೆತ್ತಿದ ಸುಳ್ಳನ್ನು ತಿದ್ದುವಂತಿಲ್ಲವಾದುದರಿಂದ ಕರ್ನಲಿನ ಹಿರಿಯರು 2014ರಲ್ಲಿ, ‘ಕ್ವಿರ್ಕ್ಸ್’ ಎಂಬ ವಕ್ರಚರಿತೆಗಳ ಕಡತದಲ್ಲಿ, ಸೊನ್ನೆಯವನಿಗೆ ಒಂದನೆಯವನೆಂಬ ಅಲಿಯಾಸ್ ಉಂಟೆಂದು ವಿಧಿವತ್ತಾಗಿ ದಾಖಲಿಸಿದರು. ಅಂದಿನಿಂದ ಹುಟ್ಟದವನ ಹೆಸರಿಗೆ ಪಡಿಯು ಸಕ್ರಮವಾಗಿ ಸಲ್ಲುತ್ತಿದೆ. ಪಟ್ಟಿಗೆ ಅದೇ ವಂಶದ ಇನ್ನಷ್ಟು ಸೊನ್ನೆಗಳು ಬಂದು ಸೇರಿವೆ.