ಕಾರ್ಬೊನಾರಾದ ಮಡಿವಂತ

ಮಡಿ ಎನ್ನುವುದು ನಮ್ಮ ಅಡುಗೆಮನೆಗಷ್ಟೇ ಸೇರಿದ್ದೆಂದು ತಿಳಿದವರು, ‘ಅಪ್ಪಟ’ ಇಟಾಲಿಯನ್ ಅಡುಗೆ ಮಾಡುವ ಮಹಾಶಯನ ಒಲೆಯ ಬಳಿ ಒಮ್ಮೆ ನಿಲ್ಲಬೇಕು. ಆತ ರೋಮಿನವನೇ ಆಗಬೇಕಿಲ್ಲ. ಲಂಡನ್ನಿನಲ್ಲೂ ಸಿಗುತ್ತಾನೆ, ಬೆಂಗಳೂರಿನಲ್ಲೂ ಸಿಗುತ್ತಾನೆ. ಸ್ಪಾಗೆಟ್ಟಿ ಮುರಿದು ಪಾತ್ರೆಗೆ ಹಾಕಿದರೆ ತನ್ನ ಬೆರಳೇ ಮುರಿದಂತೆ ಮುಖ ಹಿಂಡುತ್ತಾನೆ. ಊಟದ ಮೇಲೆ ಕಾಪುಚಿನೊ ಕೇಳಿದವರನ್ನು ಸೂತಕದವರಂತೆ ನೋಡುತ್ತಾನೆ. ಆದರೆ ಅವನ ಉಗ್ರಾವತಾರ ಕಾಣಬೇಕಾದರೆ ಕಾರ್ಬೊನಾರಾಕ್ಕೆ ಕ್ರೀಮ್ ಹಾಕಬೇಕು. ಪಾಸ್ತಾ, ಮೊಟ್ಟೆ, ಕುರಿಹಾಲಿನ ಪೆಕೊರಿನೊ ಚೀಸ್, ಉಪ್ಪು ಸವರಿ ಒಣಗಿಸಿದ ಹಂದಿಕೆನ್ನೆಯ ಗ್ವಾಂಚಾಲೆ, ಕಾಳುಮೆಣಸು: ಇಷ್ಟರಾಚೆ ಏನು ಸೋಕಿದರೂ ಮೈಲಿಗೆ. ಯಾಕಪ್ಪಾ ಎಂದರೆ, ಅಜ್ಜಿ ಮುತ್ತಜ್ಜಿಯರ ಕಾಲದ ಸಂಪ್ರದಾಯ ಎನ್ನುತ್ತಾನೆ.

ಎಡವುವುದು ಇಲ್ಲೇ. ಇಟಲಿಯ ಅಡುಗೆ ಲೇಖಕಿ ಅದಾ ಬೋನಿ ರೋಮಿನ ಅಡುಗೆಯ ಬಗ್ಗೆಯೇ ಬರೆದ 1930ರ ಪುಸ್ತಕದಲ್ಲಿ ಕಾರ್ಬೊನಾರಾದ ಸುಳಿವೇ ಇಲ್ಲ. ಅದರ ಹೆಸರು ಅಚ್ಚಿನಲ್ಲಿ ಮತ್ತೆ ಮತ್ತೆ ಕಾಣುವುದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. 1954ರಲ್ಲಿ ‘ಲಾ ಕುಚಿನಾ ಇಟಾಲಿಯಾನಾ’ ಪತ್ರಿಕೆ ಕೊಟ್ಟ ವಿಧಾನದಲ್ಲಿ ಪೆಕೊರಿನೊ ಬದಲು ಸ್ವಿಸ್ ಗ್ರುಯೇರ್ ಚೀಸ್, ಗ್ವಾಂಚಾಲೆಯ ಬದಲು ಹಂದಿಹೊಟ್ಟೆಯ ಪಂಚೆತ್ತಾ, ಸಾಲದ್ದಕ್ಕೆ ಬೆಳ್ಳುಳ್ಳಿ. ಅಂದರೆ ಈ ಮನೆಯಲ್ಲಿ ಮೈಲಿಗೆ ಅಕ್ಕ, ಮಡಿ ತಂಗಿ. ಬೊಲೋನ್ಯಾ ನಗರದವರಂತೂ ತಮ್ಮ ಮಾಂಸದ ರಾಗೂ ಹೀಗೇ ಇರಬೇಕೆಂದು 1982ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿದರು. ಅದರ ಜೊತೆಯ ಪಟ್ಟಿಯಂಥ ಪಾಸ್ತಾ ತಾಲ್ಯಾತೆಲ್ಲೆ ಬೆಂದಾಗ 8 ಮಿಲಿಮೀಟರ್ ಅಗಲವಿರಬೇಕೆಂದು ಅದಕ್ಕೂ ಹತ್ತು ವರ್ಷ ಮೊದಲೇ ಚಿನ್ನದಲ್ಲಿ ಒಂದು ಎಳೆ ಮಾಡಿಸಿ ಇಟ್ಟಿದ್ದರು. ನೋಂದಾಯಿತ ರಾಗೂವಿನಲ್ಲಿ ಟೊಮೆಟೊ ಇದೆ. 1891ರಲ್ಲಿ ಅಡುಗೆ ಪುಸ್ತಕದ ಪೆಲ್ಲೆಗ್ರಿನೊ ಆರ್ತುಸಿ ಬರೆದ ಬೊಲೋನ್ಯಾ ಶೈಲಿಯ ಮಾಂಸದ ಸಾಸಿನಲ್ಲಿ ಇಲ್ಲ. ಟೊಮೆಟೊ ಇಟಲಿಗೆ ಹಡಗು ಹತ್ತಿ ಬಂದದ್ದು ಅಮೆರಿಕದಿಂದ. (ನಮ್ಮ ಸಾರಿನ ಟೊಮೆಟೊ, ಚಟ್ನಿಯ ಮೆಣಸಿನಕಾಯಿಯೂ ಅದೇ ಕಡೆಯವು, ಆದ್ದರಿಂದ ತೀರಾ ಜೋರಾಗಿ ನಗುವಂತಿಲ್ಲ.)

ಹಾಗಾದರೆ ಯಾರು ಏನು ಬೇಕಾದರೂ ಸುರಿದು ಕಾರ್ಬೊನಾರಾ ಎನ್ನಬಹುದೇ ಎಂದು ಆತ ಸಿಡುಕುತ್ತಾನೆ. ನ್ಯಾಯವಾದ ಪ್ರಶ್ನೆ. ಉತ್ತರ ಸಿಗುವುದು ಮಾತ್ರ ಬಾಣಲೆಯಲ್ಲಿ, ಚರಿತ್ರೆಯಲ್ಲಲ್ಲ. ಮೊಟ್ಟೆಯ ಹಳದಿ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಗಟ್ಟಿಯಾಗತೊಡಗುತ್ತದೆ. ಸ್ವಲ್ಪ ಮೀರಿದರೆ ಬುರ್ಜಿ. ಅದಕ್ಕೇ ಒಲೆ ಆರಿಸಿ, ಗ್ವಾಂಚಾಲೆ ಬಿಟ್ಟ ಜಿಡ್ಡಿನಲ್ಲಿ ಪಾಸ್ತಾ ಹೊರಳಿಸಿ, ಮೊಟ್ಟೆ ಚೀಸ್ ಕಲಸಿದ್ದನ್ನು ಹಾಕಿ, ಪಾಸ್ತಾ ಬೆಂದ ಗಂಜಿನೀರನ್ನು ಸೌಟು ಸೌಟಾಗಿ ಸೇರಿಸುತ್ತ ಕೈಬಿಡದೆ ತಿರುವಬೇಕು. ಗಂಜಿಯ ಪಿಷ್ಟ ಜಿಡ್ಡನ್ನೂ ನೀರನ್ನೂ ಹಿಡಿದು ಕೂಡಿಸುತ್ತದೆ. ಕೆನೆಯಿಲ್ಲದೆಯೇ ಕೆನೆಯಂಥ ಲೇಪ ಬರುತ್ತದೆ. ಕ್ರೀಮ್ ಹಾಕುವುದು ಬಹುಪಾಲು ಮೊಟ್ಟೆ ಒಡೆದೀತೆಂಬ ಭಯಕ್ಕೆ. ಅದು ಪೆಕೊರಿನೊದ ಚುರುಕನ್ನೂ ಮಂಕು ಮಾಡುತ್ತದೆ. ತೀರ್ಪು ಅವನದೇ ಸರಿ, ಅವನು ತಂದ ಸಾಕ್ಷಿ ಮಾತ್ರ ಸುಳ್ಳು. ಹೀಗೆ ತಿರುವುವ ಮೂರು ನಿಮಿಷ ಫೋನ್ ಬಡಿದುಕೊಂಡರೂ ತಲೆ ಎತ್ತದೆ, ಇನ್ನೊಬ್ಬರ ತಟ್ಟೆಗಾಗಿ ಬೆವರುವವರು ಈಗ ಎಷ್ಟು ಜನ ಇದ್ದಾರು? ಅವನು ಊಟಕ್ಕೆ ಕರೆದರೆ ಹೊತ್ತಿಗೆ ಸರಿಯಾಗಿ ಹೋಗಿ. ಬಡಿಸಿದ ಕೂಡಲೇ ತಿನ್ನಿ. 1954ರ ವಿಷಯವನ್ನು ತಟ್ಟೆ ಖಾಲಿಯಾಗುವ ತನಕ ಎತ್ತಬೇಡಿ.