ಓರ್ ಸಾಹೇಬನ ಕೋವಿ

ಎರಡು ಲೇಖನ ಓದಿ ಹಳೆಯ ಕೋವಿಗಳ ಪಂಡಿತನಾದವನು ಮನೆಯಲ್ಲೇ ಇರಬೇಕಿತ್ತು. ನಾನು ಆಯುಧ ಪೂಜಿಸುವ ಹಬ್ಬ ಕೈಲ್ ಮುಹೂರ್ತಕ್ಕೆಂದು ಕೊಡಗಿನ ಗೆಳೆಯನ ಐನ್‌ಮನೆಗೆ ಹೋದೆ. ಕೋವಿಗೆ ಲೈಸೆನ್ಸಿನ ಹಂಗಿಲ್ಲದ ಜನರ ನಡುವೆ, ದೀಪಾವಳಿಯ ಕೇಪಿನ ಪಿಸ್ತೂಲು ಬಿಟ್ಟು ಬೇರೇನೂ ಹಿಡಿದು ಗೊತ್ತಿಲ್ಲದವನು!

ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮುಗಿಸಿದ ಜೋಡಿನಳಿಗೆಯ ಕೋವಿಯೊಂದನ್ನು ಗೆಳೆಯನ ಅಜ್ಜ ಕೈಗಿತ್ತರು. ನಳಿಗೆಗಳ ನಡುವಿನ ಪಟ್ಟಿಯ ಮೇಲೆ ‘ಪಿ. ಓರ್ ಅಂಡ್ ಸನ್ಸ್, ಮದ್ರಾಸ್’.

“ಓಹೋ, ಓರ್! ಮದ್ರಾಸಿನ ಮಹಾ ಕೋವಿಶಿಲ್ಪಿ. ಒಂದೊಂದು ನಳಿಗೆಗೂ ಅಪ್ಪ-ಮಕ್ಕಳು ತಿಂಗಳುಗಟ್ಟಲೆ ಅರ ಉಜ್ಜುತ್ತಿದ್ದರಂತೆ.” ಆ ‘ಅಂತೆ’ ಅಲ್ಲೇ ತಯಾರಾದದ್ದು.

ಅಜ್ಜ ಗೋಡೆ ಗಡಿಯಾರದತ್ತ ಕೈ ತೋರಿಸಿದರು. ಅದರ ಮೇಲೂ ಅದೇ ಹೆಸರು. “ಇದನ್ನೂ ಅವರೇ ಉಜ್ಜಿದ್ದಾ?”

“ಬಹುಮುಖ ಪ್ರತಿಭೆ ಅಜ್ಜ!”

ಅವರು ಮಾತಾಡದೆ ಕೋವಿ ಕಳಚಿ ನಳಿಗೆಯ ಅಡಿ ತೋರಿಸಿದರು. ಕಿರೀಟದ ಕೆಳಗೆ ಪುಟ್ಟದಾಗಿ ‘ಬಿಪಿ’.

“ಬೆಂಗಳೂರು–ಪಿರಿಯಾಪಟ್ಟಣ. ಬಂದ ದಾರಿ ಇರಬೇಕು” ಎಂದುಬಿಟ್ಟೆ. ಮೂಲೆಯಲ್ಲಿದ್ದ ಮಕ್ಕಳೂ ನಕ್ಕವು.

ಅದು ಬರ್ಮಿಂಗ್‌ಹ್ಯಾಂ. 1813ರ ಕಾನೂನಿನಿಂದ ಹುಟ್ಟಿದ ಅಲ್ಲಿನ ಪ್ರೂಫ್ ಹೌಸ್‌ನಲ್ಲಿ ಮದ್ದು ಹೆಚ್ಚಾಗಿ ತುಂಬಿ ಹೊಡೆದು ನೋಡಿ, ಒಡೆಯದೆ ಉಳಿದ ನಳಿಗೆಗೆ ಮಾತ್ರ ಮುದ್ರೆ. ಆ ಊರಿನ ಓಣಿಗಳಲ್ಲಿ ನಳಿಗೆಗೊಬ್ಬ, ಲಾಕಿಗೊಬ್ಬ, ಹಿಡಿಗೊಬ್ಬ; ಕೊನೆಗೆ ಕೊಳ್ಳುವ ಅಂಗಡಿ ಹೇಳಿದ ಹೆಸರು ಕೆತ್ತುವುದು. ಮೌಂಟ್ ರೋಡಿನ ಓರ್ ಕಂಪನಿ ಗಡಿಯಾರ, ಒಡವೆಗಳ ವ್ಯಾಪಾರಿ. ಕಲ್ಕತ್ತದ ರೊಡ್ಡಾ ಕೂಡ ಅಂಗಡಿಯೇ. 1914ರಲ್ಲಿ ಕ್ರಾಂತಿಕಾರಿಗಳು ಅದರ ಮಾಲಿನಿಂದ ಲಪಟಾಯಿಸಿದ 50 ಪಿಸ್ತೂಲುಗಳು ಜರ್ಮನಿಯ ಮೌಸರ್‌ಗಳು. ಇದೆಲ್ಲ ನಾನು ಓದಿದ ಲೇಖನಗಳಲ್ಲೂ ಇತ್ತು. ನಾನು ಚಿತ್ರ ನೋಡಿದ್ದೆ.

ಇನ್ನೊಂದು ಕೋವಿ ಬಂತು: ‘ಆರ್ಮಿ ಅಂಡ್ ನೇವಿ ಸಿ.ಎಸ್.ಎಲ್.’

“ಇದಂತೂ ಸೇನೆಯದೇ” ಎಂದೆ.

“ಸೊಸೈಟಿಯದು.”

ಸಕ್ಕರೆ, ಸೀಮೆಎಣ್ಣೆಯ ಕ್ಯೂನಲ್ಲಿ ಕೋವಿಯೇ? ನಗು ತಡೆಯಲಾಗಲಿಲ್ಲ. ಅಜ್ಜ ನಗಲಿಲ್ಲ. 1871ರಲ್ಲಿ ಲಂಡನ್ನಿನಲ್ಲಿ ಸೇನಾಧಿಕಾರಿಗಳು ಸಾಮಾನು ಅಗ್ಗಕ್ಕೆ ಸಿಗಲೆಂದು ಕಟ್ಟಿಕೊಂಡ ಸಹಕಾರ ಸಂಘ ಅದು. 1891ಕ್ಕೆ ಬೊಂಬಾಯಿಗೂ ಬಂತು. ಕೋವಿ ಬೇರೆಯವರಿಂದ ಮಾಡಿಸಿ ತನ್ನ ಹೆಸರು ಹೊಡೆಸುತ್ತಿತ್ತು.

ಊಟಕ್ಕೆ ಕೂತಾಗ ಕೋವಿಯ ಸಹವಾಸವೇ ಬೇಡವೆಂದು, ಕಡಂಬುಟ್ಟಿಗೆ ಹಂದಿಕರಿ ಬಡಿಸುತ್ತಿದ್ದ ಅಜ್ಜಿಯನ್ನು ಹೊಗಳಿದೆ: “ನಿಮ್ಮ ಕೈರುಚಿಗೆ ಸಾಟಿಯಿಲ್ಲ ಅಜ್ಜಿ.”

“ಮಾಡಿದ್ದು ಸೊಸೆ ಕಣಪ್ಪ. ನಾನು ಬಡಿಸ್ತಿರೋದಷ್ಟೇ.”