ಹಾರುವ ತಲೆಗೊಂದು ಹೆಲ್ಮೆಟ್

ಹೆಲಿಕಾಪ್ಟರ್ ಪೈಲಟ್‌ಗಳು ಹೆಲ್ಮೆಟ್ ಹಾಕಬೇಕೇ ಬೇಡವೇ ಎಂದು ಹೇಳುವ ಅರ್ಹತೆ ನನಗಿದೆ. ಹೆಲ್ಮೆಟ್ ಇಲ್ಲದ್ದಕ್ಕೆ ಬೆಂಗಳೂರಿನಲ್ಲಿ ನಾಲ್ಕು ಸಲ ದಂಡ ಕಟ್ಟಿದ್ದೇನೆ. ಎಚ್‌ಎಎಲ್ ಹತ್ತಿರದ ಬಾಡಿಗೆ ಮನೆಯ ತಾರಸಿಯಿಂದ ಹನ್ನೆರಡು ವರ್ಷ ಧ್ರುವ ಹೆಲಿಕಾಪ್ಟರಿನ ಹೊಟ್ಟೆ ನೋಡಿದ್ದೇನೆ. ಈ ಎರಡೂ ಅನುಭವ ಒಬ್ಬರಲ್ಲೇ ಸಿಗುವುದು ಅಪರೂಪ.

ಮೊದಲು ಮೂಲತತ್ತ್ವ. ಹೆಲ್ಮೆಟ್ ಕಾಪಾಡುವುದು ತಲೆಯನ್ನಲ್ಲ, 500 ರೂಪಾಯಿಯನ್ನು. ಆಕಾಶದಲ್ಲಿ ಸಿಗ್ನಲ್ ಇಲ್ಲ, ಮರದ ಹಿಂದೆ ನಿಂತ ಪೇದೆ ಇಲ್ಲ, ಮರವೇ ಇಲ್ಲ. (ಮರ ಕಂಡರೆ ಪೈಲಟ್ ತೀರಾ ಕೆಳಗಿದ್ದಾನೆ ಎಂದರ್ಥ. ಅದು ಬೇರೆ ಇಲಾಖೆಯ ವಿಷಯ.)

ಇತಿಹಾಸವೂ ನನ್ನ ಪರ. 1939ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇಗೋರ್ ಸಿಕೋರ್ಸ್ಕಿ ತಮ್ಮ ವಿಎಸ್-300 ಯಂತ್ರವನ್ನು ನೆಲದಿಂದ ಎಬ್ಬಿಸಿದ ಚಿತ್ರಗಳನ್ನು ನೋಡಿ: ತೆರೆದ ಆಸನ, ನೆತ್ತಿಯ ಮೇಲೆ ಗಿರಗಿರ ರೆಕ್ಕೆ, ತಲೆಗೆ ಮಾಮೂಲಿ ಫೆಲ್ಟ್ ಟೋಪಿ. ಹಾರಿಹೋಗದಂತೆ ಕಟ್ಟಿಹಾಕಿದ್ದು ಯಂತ್ರವನ್ನು, ಟೋಪಿಯನ್ನಲ್ಲ.

ಹೆಲ್ಮೆಟ್ ಪರದವರು ಹದ್ದಿನ ಮಾತೆತ್ತುತ್ತಾರೆ. ಅದು ಮುಂಗಾಜು ಒಡೆದು ಒಳಗೆ ಬಂದರೆ ಕಣ್ಣಿಗೆ ವೈಸರ್ ಬೇಕಂತೆ. ಬಿದ್ದಾಗ ತಲೆ ಬಡಿದು ಪ್ರಜ್ಞೆ ತಪ್ಪಿದರೆ, ಬೆಂಕಿ ಹತ್ತಿದ ಯಂತ್ರದಿಂದ ಈಚೆಗೆ ಬರುವುದು ಹೇಗೆ ಎಂದೂ ಕೇಳುತ್ತಾರೆ. ಇವೆಲ್ಲ ತಲೆಗೆ ಸಂಬಂಧಿಸಿದ ವಾದಗಳು, ಹೆಲ್ಮೆಟ್ ಚರ್ಚೆಯಲ್ಲಿ ಅಪ್ರಸ್ತುತ.

2016ರಿಂದ ನಮ್ಮಲ್ಲಿ ಬೈಕಿನ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಹೆಲಿಕಾಪ್ಟರಿನಲ್ಲಿ ಹಿಂದೆ ಕೂರುವವರು ಮಂತ್ರಿಗಳು. ಇಳಿದ ಕೂಡಲೇ ಮೈಸೂರು ಪೇಟ ತೊಡಿಸಲು ಮಂದಿ ಕಾದಿರುತ್ತಾರೆ; ಹೆಲ್ಮೆಟ್ ಮೇಲೆ ಪೇಟ ಕೂರದು. ಸೈನ್ಯದವರ ಮಾತು ಬೇರೆ. ಅಪಾಚೆ ಪೈಲಟ್ ತಲೆ ತಿರುಗಿಸಿದತ್ತ ಅದರ 30 ಮಿ.ಮೀ. ಫಿರಂಗಿಯೂ ತಿರುಗುವಂತೆ ಹೆಲ್ಮೆಟ್ಟಿನಲ್ಲೇ ಏರ್ಪಾಡಿದೆ. ಅಂಥವನ ಬಳಿ ಹೋಗಿ ಐಎಸ್‌ಐ ಗುರುತು ಎಲ್ಲಿ ಎಂದು ಕೇಳುವ ಪೇದೆ ಇನ್ನೂ ಹುಟ್ಟಿಲ್ಲ.

ಉಳಿದ ಪೈಲಟ್‌ಗಳು ಬೆಂಗಳೂರು ಪದ್ಧತಿಯಂತೆ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಕಂಟ್ರೋಲ್ ಟವರ್ ಕಂಡಾಗ ತೊಟ್ಟರೆ ಸಾಕು ಎಂದು ತೀರ್ಪು ಬರೆಯುವವನಿದ್ದೆ. ವಿಚಾರಿಸಿದರೆ, ಅವರ ಬಲಗೈ ಸೈಕ್ಲಿಕ್ ಕೋಲಿನ ಮೇಲೆ, ಎಡಗೈ ಕಲೆಕ್ಟಿವ್ ಮೇಲೆ, ಎರಡೂ ಕಾಲು ಪೆಡಲ್ ಮೇಲೆ. ಮುಂದೆ ಇಟ್ಟುಕೊಳ್ಳೋಣವೆಂದರೆ ಪೆಟ್ರೋಲ್ ಟ್ಯಾಂಕೂ ಅಲ್ಲಿಲ್ಲ. ಬೇರೆಲ್ಲೂ ಜಾಗವಿಲ್ಲದ ಕಾರಣ, ಅದನ್ನು ತಲೆಯ ಮೇಲೆ ಇಟ್ಟುಕೊಳ್ಳಲು ನನ್ನ ಅಭ್ಯಂತರವಿಲ್ಲ.